ಸಮೀಕ್ಷೆಯ 60 ಪ್ರಶ್ನೆಗಳನ್ನು ಮನೆಯಲ್ಲೇ ಕೂತು ತುಂಬಿದೆವು, ಹೇಗಿತ್ತು ಅಂತ ಹೇಳುತ್ತೇನೆ

2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ನಾವು ಆನ್‌ಲೈನ್‌ನಲ್ಲೇ ಉತ್ತರ ತುಂಬಿದೆವು. ಕಲಬುರಗಿಯಲ್ಲಿ ನಮ್ಮ ಮನೆ, ನಾಲ್ಕು ಜನ. ಎರಡು ತಾಸು ಹಿಡಿಯಿತು. 5ಕ್ಕೆ 4 ಕೊಡುತ್ತೇನೆ.

ನಮ್ಮಲ್ಲಿ ಶಾಲೆ ಮಾಸ್ತರು, ಅಕ್ಕೋರು ಮನೆ ಮನೆ ತಿರುಗುತ್ತಾರೆ. ನಾವೂ ಕಾದೆವು. ಆಗ ಭೀಮಾ ನದಿ ಉಕ್ಕಿ ಜಿಲ್ಲೆಯ ಎಷ್ಟೋ ಊರಿಗೆ ನೀರು ನುಗ್ಗಿತ್ತು, ಮನೆ ಮನೆ ತಿರುಗುವ ಮಾಸ್ತರರಿಗೂ ಎಷ್ಟು ಕಷ್ಟ ಅಲ್ವಾ. ಅದಕ್ಕೇ ನಾವೇ ತುಂಬೋಣ ಅಂದುಕೊಂಡೆವು.

ಮೊದಲು ಅಪ್ಪ ಎಲ್ಲರ ಆಧಾರ್ ಕಾರ್ಡ್ ತೊಗೊಂಡು ಒಂದು ಆನ್‌ಲೈನ್ ಸೆಂಟರ್‌ಗೆ ಹೋದರು. ಅಲ್ಲಿನ ಹುಡುಗ 200 ರೂಪಾಯಿ ಕೇಳಿದ. ಕೊಡೋಣ ಬಿಡಿ. ಆದರೆ ಅವ್ವನ ಕೆಲಸ ಏನು ಅಂತ ಒಂದು ಮಾತೂ ಕೇಳದೆ "ಗೃಹಿಣಿ" ಅಂತ ಒತ್ತಲು ಹೋದ. ಅಪ್ಪ ಅಲ್ಲಿಗೇ ನಿಲ್ಲಿಸಿ ವಾಪಸ್ ಬಂದರು. ಒಳ್ಳೆ ಕೆಲಸ ಮಾಡಿದರು.

ಯಾಕಂದರೆ ಅವ್ವ ಮೂವತ್ತು ವರ್ಷದಿಂದ ಹೊಲಕ್ಕೆ ಹೋಗುತ್ತಾಳೆ. ತೊಗರಿ ಬಿತ್ತುವುದು, ಕಸ ತೆಗೆಯುವುದು, ಕೊಯ್ಲು, ರಾಶಿ, ಎಲ್ಲದರಲ್ಲೂ ಅವಳ ಕೈ ಇದೆ, ನಮ್ಮ ಹೊಲದ ಕೆಲಸ ಮುಗಿದರೆ ಬೇರೆಯವರ ಹೊಲಕ್ಕೆ ಕೂಲಿಗೂ ಹೋಗಿದ್ದಾಳೆ. ಮನೆಯಲ್ಲಿ ಆ ಪ್ರಶ್ನೆ ಬಂದಾಗ ಅವಳೇ "ಮನಿ ಕೆಲಸ ಅಂತ ಹಾಕಿಬಿಡು" ಅಂದಳು. ನಾನು ಹಾಕಲಿಲ್ಲ. ಹೊಲದ ಕೆಲಸ ಅಂತಲೇ ಬರೆದೆ, ಅವಳಿಗೆ ಓದಿ ಹೇಳಿದೆ. ಸುಮ್ನೆ ಸ್ವಲ್ಪ ಹೊತ್ತು ಫೋನ್ ನೋಡುತ್ತಾ ಕೂತಳು.

ಮದುವೆ ಆದಾಗ ವಯಸ್ಸೆಷ್ಟು ಅಂತಲೂ ಕೇಳಿದ್ದರು. ಅವ್ವನಿಗೆ ಹದಿನಾಲ್ಕು. ಶಾಲೆ ಬಿಟ್ಟಿದ್ದು ಐದನೇ ಇಯತ್ತೆಗೆ, ಮುಂದಿನ ಶಾಲೆ ಬೇರೆ ಊರಲ್ಲಿತ್ತು ಅನ್ನೋ ಒಂದೇ ಕಾರಣಕ್ಕೆ. ಅವ್ವನ ತವರು ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕು. 2011ರ ಜನಗಣತಿಯಲ್ಲಿ ಆ ಜಿಲ್ಲೆಯ ಸಾಕ್ಷರತೆ ಶೇ 52ರಷ್ಟೂ ಇರಲಿಲ್ಲ, ರಾಜ್ಯದಲ್ಲೇ ಎಲ್ಲಕ್ಕಿಂತ ಕಡಿಮೆ. ಆ ಅಂಕಿಯನ್ನು ಎಷ್ಟು ಸಲ ಓದಿದ್ದೆನೋ, ಅದರ ಹಿಂದೆ ನಮ್ಮ ಅವ್ವನಂಥವರೇ ಇದ್ದಾರೆ ಅಂತ ಅನ್ನಿಸಿದ್ದು ಆ ದಿನ.

ಪ್ರಶ್ನೆಗಳು ಕನ್ನಡದಲ್ಲಿ ಸರಳವಾಗಿದ್ದವು. ನೀರು, ಶೌಚಾಲಯ, ಅಡುಗೆಗೆ ಏನು ಉರಿಸುತ್ತೀರಿ, ಇಂಥವು ಬೇಗ ಮುಗಿದವು. ಮಾತೃಭಾಷೆ ಮಾತ್ರ ನಮ್ಮ ಕಡೆ ಯೋಚಿಸಿ ಬರೆಯಬೇಕಿತ್ತು. ಪಕ್ಕದ ಮನೆಯ ಲಂಬಾಣಿ ಆಯಿ ನಮ್ಮ ಜೊತೆ ಕನ್ನಡ, ಮೊಮ್ಮಕ್ಕಳ ಜೊತೆ ಲಂಬಾಣಿ ಮಾತಾಡುತ್ತಾರೆ, ಅವರ ಮನೆಯಲ್ಲಿ ಅವಸರದಲ್ಲಿ ಕನ್ನಡ ಅಂತ ಹಾಕಲು ಹೊರಟಿದ್ದರು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಆಧಾರ್ ಓಟಿಪಿಗೆ. ತಮ್ಮ ಪುಣೆಯಲ್ಲಿ ಕೆಲಸಕ್ಕಿದ್ದಾನೆ, ಓಟಿಪಿ ಅವನ ಫೋನಿಗೆ ಹೋಗುತ್ತಿತ್ತು, ಅವನು ಫೋನ್ ಎತ್ತಿ ಹೇಳುವಷ್ಟರಲ್ಲಿ ಟೈಮ್ ಮುಗಿದಿರುತ್ತಿತ್ತು. ನಾಲ್ಕನೇ ಸಲಕ್ಕೆ ಆಯಿತು. ನಮ್ಮ ಭಾಗದಿಂದ ಪುಣೆ, ಮುಂಬೈ, ಹೈದರಾಬಾದ್‌ಗೆ ದುಡಿಯಲು ಹೋದವರು ಎಷ್ಟು ಜನ! ಅವರು ಬಿಟ್ಟುಹೋಗಬಾರದು.

ಆಧಾರ್, ರೇಷನ್ ಕಾರ್ಡ್, ಲೈಟ್ ಬಿಲ್ಲು, ಸಮೀಕ್ಷೆಗಾಗಿ ಬಾಗಿಲಿಗೆ ಅಂಟಿಸಿದ ಚೀಟಿಯ ನಂಬರ್, ಇವನ್ನು ಮೊದಲೇ ತೆಗೆದಿಟ್ಟುಕೊಂಡಿದ್ದು ಅನುಕೂಲವಾಯಿತು. ಹೇಳಲು ಇಷ್ಟವಿಲ್ಲದ ಪ್ರಶ್ನೆಗೆ ಉತ್ತರಿಸಲೇಬೇಕು ಅಂತಿರಲಿಲ್ಲ, ಸಮೀಕ್ಷೆ ಕಡ್ಡಾಯವಲ್ಲ ಅಂತ ಹೈಕೋರ್ಟೇ ಹೇಳಿತ್ತು.

2027ರ ಜನಗಣತಿಯಲ್ಲೂ ನಾವೇ ತುಂಬುವ ಅವಕಾಶ ಇಟ್ಟಿದ್ದಾರೆ. ನಿಮ್ಮ ಮನೆಯದ್ದು ನೀವೇ ತುಂಬಿ, ಆದರೆ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವಳ ಕೆಲಸ ಏನು ಅಂತ ಅವಳನ್ನೇ ಕೇಳಿ, "ಮನಿ ಕೆಲಸ" ಅಂದರೆ ಇನ್ನೊಂದು ಸಲ ಕೇಳಿ.