ಹಮಾಲಿಗೆ ಜಿಮ್ ಬೇಕೇ? ವಿನೋಬನಗರದ ಒಂದು ಪುಟ್ಟ ಜಿಮ್ ಕುರಿತು

ಶಿವಮೊಗ್ಗದ ಎಪಿಎಂಸಿ ಯಾರ್ಡಿನಲ್ಲಿ ಅಡಿಕೆ ಚೀಲ ಹೊರುವ ನಮ್ಮಂಥವರು ಜಿಮ್‌ಗೆ ಹಣ ಕಟ್ಟಬೇಕೇ ಎಂದು ಜೊತೆಗಾರರು ಕೇಳುತ್ತಲೇ ಇರುತ್ತಾರೆ. ತೂಕ ಇಳಿಸುವುದಷ್ಟೇ ಗುರಿಯಾದರೆ ಬೇಡ. ಬೆನ್ನು, ಭುಜ ಇನ್ನೂ ಹತ್ತು ವರ್ಷ ದುಡಿಯಬೇಕು ಎನ್ನುವವರು ಮಾತ್ರ ವಿನೋಬನಗರದ ಈ ಮಹಡಿ ಮೇಲಿನ ಜಿಮ್‌ಗೆ ಖಂಡಿತ ಹೋಗಿ.

ಇದಕ್ಕೂ ಮೊದಲು ಸೇರಿದ್ದ ಕಡೆ ನನ್ನ ಹೊಟ್ಟೆ ನೋಡಿದವರೇ ಟ್ರೆಡ್‌ಮಿಲ್ ಹತ್ತಿಸಿದರು. ಬೆಳಗಿನಿಂದ ಲೋಡು ಇಳಿಸಿದ ಮೈಯನ್ನು ಸಂಜೆ ಓಡಿಸಿದರೆ ಏನಾಗುತ್ತದೆ? ಮಂಡಿ ನೋವು, ಮನೆಗೆ ಬಂದ ಮೇಲೆ ತಡೆಯಲಾಗದ ಹಸಿವು. ನಿಮ್ಮ ಕೆಲಸವೇನು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ.

ಇಲ್ಲಿನ ತರಬೇತುದಾರ ಮೊದಲು ಕೇಳಿದ್ದೇ ಅದನ್ನು. ಚೀಲ ಯಾವ ಭುಜದ ಮೇಲೆ, ಲಾರಿ ಬರುವ ತನಕ ಏನು ಮಾಡುತ್ತೀರಿ, ದಿನಕ್ಕೆ ಎಷ್ಟು ಟೀ? ಆಮೇಲೆ ಕಾಗದದ ಮೇಲೆ ಲೆಕ್ಕ ಬರೆದರು. ಲೋಟಕ್ಕೆ 10 ಗ್ರಾಂ ಸಕ್ಕರೆ ಎಂದರೆ 40 ಕ್ಯಾಲೊರಿ. ಆರು ಲೋಟಕ್ಕೆ 240, ಹಾಲಿನದು ಬೇರೆ. ಅರ್ಧ ಗಂಟೆ ಟ್ರೆಡ್‌ಮಿಲ್ ಮೇಲೆ ನಡೆದರೆ ನನ್ನ ತೂಕದವನಿಗೆ ಕರಗುವುದು 150ರ ಆಸುಪಾಸು. ಟಾಂಜಾನಿಯಾದಲ್ಲಿ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವ ಹಾಡ್ಜಾ ಜನರನ್ನು ಅಳೆದು ನೋಡಿದ 2012ರ ಅಧ್ಯಯನವನ್ನೂ ಅವರು ವಿವರಿಸಿದರು. ದಿನವಿಡೀ ಓಡಾಡಿದರೂ, ಮೈಯ ಗಾತ್ರಕ್ಕೆ ಹೋಲಿಸಿದರೆ ಅವರ ಒಟ್ಟು ಶಕ್ತಿ ವ್ಯಯ ಪಾಶ್ಚಾತ್ಯ ನಗರವಾಸಿಗಳಷ್ಟೇ ಇತ್ತು. ಹೆಚ್ಚು ದುಡಿದ ದೇಹ ಬೇರೆಡೆ ಶಕ್ತಿ ಮಿಗಿಸಿಕೊಳ್ಳುತ್ತಿರಬಹುದು. ಅದರ ಮೇಲೆ ಇನ್ನಷ್ಟು ಓಡಿಸಿ ಹೊಟ್ಟೆ ಕರಗಿಸುತ್ತೇನೆ ಎಂದರೆ ನಡೆಯುವುದಿಲ್ಲ.

ಹಾಗಾಗಿ ಬದಲಾದದ್ದು ತಟ್ಟೆ. ಟೀಯಲ್ಲಿ ಸಕ್ಕರೆ ಅರ್ಧ, ಯಾರ್ಡಿನ ಮುಂದಿನ ಮಿರ್ಚಿ ಬೋಂಡಾ ಅಪರೂಪಕ್ಕೆ, ರಾತ್ರಿ ಅನ್ನ ಕಡಿಮೆ ಮಾಡಿ ಹುರುಳಿ ಸಾರು, ಮೊಳಕೆ ಹೆಸರು ಹೆಚ್ಚು. ಭಾನುವಾರದ ಕಡುಬು, ಕೋಳಿ ಸಾರನ್ನು ಬಿಡಿ ಎನ್ನಲಿಲ್ಲ. ಅದಕ್ಕೇ ಇಷ್ಟು ಕಾಲ ಪಾಲಿಸಲು ಸಾಧ್ಯವಾಯಿತು. ತೂಕ ನಿಧಾನವಾಗಿ ಇಳಿಯುತ್ತಿದೆ, ಬೆಲ್ಟು ಎರಡು ತೂತು ಒಳಗೆ ಬಂದಿದೆ.

ವ್ಯಾಯಾಮ ವಾರಕ್ಕೆ ಎರಡೇ ದಿನ. ಅದೂ ಚೀಲ ಹೊರುವಾಗ ದುಡಿಯದ ಸ್ನಾಯುಗಳಿಗೆ: ರಬ್ಬರ್ ಪಟ್ಟಿ ಎಳೆಯುವುದು, ಮೊಣಕೈ ಊರಿ ಮೈಯನ್ನು ನೇರವಾಗಿ ಹಿಡಿದು ನಿಲ್ಲಿಸುವ ಪ್ಲ್ಯಾಂಕ್, ಎಡಭುಜಕ್ಕೆ ಬೇರೆ ಅಭ್ಯಾಸ, ಉಸಿರು ಬಿಗಿಹಿಡಿಯದೆ ಭಾರ ಎತ್ತುವ ಕ್ರಮ. ಉಸಿರು ಕಟ್ಟಿ ಎತ್ತಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ ಎಂಬುದನ್ನು ಯಾರ್ಡಿನ ಪ್ರತಿಯೊಬ್ಬ ಹುಡುಗನಿಗೂ ಹೇಳಿಕೊಡಬೇಕು. ಸುಗ್ಗಿಯಲ್ಲಿ ಲೋಡು ಜಾಸ್ತಿ ಇದ್ದ ದಿನ ಹೋದರೆ ವಾಪಸ್ ಕಳಿಸುತ್ತಾರೆ, ಮಲಗಿ ಎನ್ನುತ್ತಾರೆ.

ತಿಂಗಳಿಗೆ 900 ರೂಪಾಯಿ, ನ್ಯಾಯವಾದ ದರ. ಮಳೆಗಾಲದಲ್ಲಿ ಒಳಗೆ ಮುಗ್ಗಲು ವಾಸನೆ, ಗಾಳಿ ಸಾಲದು.

ದೊಡ್ಡ ಕೊರತೆ ಎಂದರೆ ಹೆಂಗಸರಿಗೆ ಪ್ರತ್ಯೇಕ ಸಮಯವಿಲ್ಲ. ಮೆಟ್ಟುಗತ್ತಿಯ ಮುಂದೆ ದಿನವಿಡೀ ಕುಳಿತು ಅಡಿಕೆ ಸುಲಿಯುವವರದೂ ಕಷ್ಟದ ದುಡಿಮೆಯೇ, ಆದರೆ ಅವರ ಕಾಲು, ಸೊಂಟ ಅಲ್ಲಾಡುವುದೇ ಇಲ್ಲ. ನನ್ನ ಹೆಂಡತಿಯೂ ಅವರಲ್ಲಿ ಒಬ್ಬಳು. ನನಗಿಂತ ಹೆಚ್ಚಾಗಿ ವ್ಯಾಯಾಮ ಬೇಕಿರುವುದು ಅವಳಿಗೆ. ಮಧ್ಯಾಹ್ನ ಮೂರರಿಂದ ನಾಲ್ಕು ಜಿಮ್ ಖಾಲಿಯೇ ಇರುತ್ತದೆ. ಆ ಒಂದು ಗಂಟೆಯನ್ನು ಅವರಿಗೆ ಬಿಟ್ಟುಕೊಡಿ ಎಂದು ಮಾಲೀಕರನ್ನು ಕೇಳಿದ್ದೇನೆ, ಇನ್ನೂ ಕೇಳುತ್ತೇನೆ.