ಸ್ಟಕ್ ಆದ ಆ್ಯಪ್: ಕಾಯುವುದೋ, ಮುಚ್ಚುವುದೋ?

ನಮ್ಮ ಅಪಾರ್ಟ್‌ಮೆಂಟಿನ ಲೆಕ್ಕ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದ ಕೆಲಸ. ನೀರಿನ ಬಿಲ್ಲು, ಮೆಂಟೆನೆನ್ಸು, ಲಿಫ್ಟ್ ರಿಪೇರಿ ಎಲ್ಲ ಒಂದೇ ಸ್ಪ್ರೆಡ್‌ಶೀಟಿನಲ್ಲಿ ತುಂಬಿದ್ದೇನೆ. ಆಡಿಟ್‌ಗೆ ಎರಡು ದಿನ ಇರುವಾಗ ಆ ಫೈಲ್ ಬೆಳ್ಳಗಾಗಿ ನಿಂತುಬಿಟ್ಟಿತು. ಗಾಬರಿಯಲ್ಲಿ ಪವರ್ ಬಟನ್ ಒತ್ತಿ ಹಿಡಿದೆ. ಒಂದೂವರೆ ಗಂಟೆಯ ಎಂಟ್ರಿ ಹೋಯಿತು. ಆಗಾಗ ತಾನೇ ನಕಲು ಉಳಿಸಿಡುವ ಆಟೋ ರಿಕವರಿ ಇರಲಿಲ್ವಾ ಅಂತ ಕೇಳಬೇಡಿ. ಇತ್ತು. ಪ್ರತಿ 10 ನಿಮಿಷಕ್ಕೊಮ್ಮೆ ಫೈಲ್ ತಡವರಿಸುತ್ತದೆ ಅಂತ ನಾನೇ ಆಫ್ ಮಾಡಿದ್ದೆ.

ಆಡಿಟ್ ಮುಗಿದ ಮೇಲೆ ಒಂದು ಭಾನುವಾರ ಕೂತು ಅದೇ ಫೈಲಿನ ಪ್ರತಿ ಮಾಡಿಕೊಂಡೆ. ಪಟ್ಟಿಯಲ್ಲಿ ಹುಡುಕಿ ತರುವ ವಿ-ಲುಕಪ್ ಸೂತ್ರವನ್ನು ಲಕ್ಷಗಟ್ಟಲೆ ಸಾಲಿಗೆ ಎಳೆದು ಬೇಕಂತಲೇ ಅದನ್ನು ಸ್ಟಕ್ ಮಾಡಿಸಿದೆ. 8 ಜಿಬಿ ರ್ಯಾಮ್‌ನ ವಿಂಡೋಸ್ 11 ಲ್ಯಾಪ್‌ಟಾಪು, ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದೊಂದು ಸಲಕ್ಕೆ ಒಂದೊಂದು ಉಪಾಯ ನೋಡಿದೆ.

ಮೊದಲು ಎಲ್ಲರೂ ಮಾಡುವುದು: ಮೂಲೆಯ ಎಕ್ಸ್ ಗುರುತಿನ ಮೇಲೆ ಟಕಟಕ ಕ್ಲಿಕ್, ಇಲ್ಲವೇ ಆಲ್ಟ್ ಎಫ್4. ಎರಡೂ ಒಂದೇ. ಅವು ಆ್ಯಪ್ ಅನ್ನು ಕೊಲ್ಲುವುದಿಲ್ಲ, "ಬಾಗಿಲು ಹಾಕಪ್ಪಾ" ಅಂತ ಕೇಳುತ್ತವೆ ಅಷ್ಟೇ. ಕೇಳಿಸಿಕೊಳ್ಳದಷ್ಟು ಮುಳುಗಿರುವವನಿಗೆ ಹೇಳಿ ಏನು ಬಂತು? ಒಂದು ಕಿಟಕಿ ಸುಮಾರು 5 ಸೆಕೆಂಡು ಯಾವುದಕ್ಕೂ ಉತ್ತರ ಕೊಡದಿದ್ದರೆ ವಿಂಡೋಸ್ ಅದರ ಜಾಗದಲ್ಲಿ ಒಂದು ಮಬ್ಬು ನಕಲು ನಿಲ್ಲಿಸಿ "ನಾಟ್ ರೆಸ್ಪಾಂಡಿಂಗ್" ಅಂತ ಹೆಸರು ಹಚ್ಚುತ್ತದೆ. ಆಮೇಲೆ ನಾವು ಮಾತಾಡುವುದು ಆ ನಕಲಿನ ಜೊತೆ. ಮಬ್ಬಾಗುವ ಮೊದಲೇ ಒತ್ತಿದ ಕ್ಲಿಕ್ಕು, ಕೀಲಿಗಳ ಕಥೆ ಬೇರೆ. ಅವು ಸಾಲಾಗಿ ಕಾಯುತ್ತಾ ಕೂತಿರುತ್ತವೆ. ಆ್ಯಪ್ ಎಚ್ಚರವಾದ ಕೂಡಲೇ ಒಂದರ ಹಿಂದೆ ಒಂದು ನುಗ್ಗುತ್ತವೆ. ನಾನು ಸಿಟ್ಟಿನಲ್ಲಿ ಒತ್ತಿದ್ದ ಡಿಲೀಟ್ ಕೂಡ ಹಾಗೇ ನುಗ್ಗಿತು. ಹಾಗಾಗಿ ಮೌಸ್ ಬಿಟ್ಟು ಕೈ ಕಟ್ಟಿ ಕೂರುವುದೇ ಮೊದಲ ಕೆಲಸ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ, ಯಾವ ಆ್ಯಪ್ ಏನು ಮಾಡುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ನೇರ ಬರುತ್ತದೆ. ಇದನ್ನು ನಾನು ಇಷ್ಟು ವರ್ಷ ಕೊಡಲಿಯ ಹಾಗೆ ಬಳಸುತ್ತಿದ್ದೆ. ಸ್ಟಕ್ ಆಯಿತಾ, ಬಲವಂತವಾಗಿ ಮುಚ್ಚಿಸುವ ಎಂಡ್ ಟಾಸ್ಕ್ ಹೊಡಿ. ಈ ಸಲ ಹೊಡೆಯದೆ ಸುಮ್ನೆ ನೋಡಿದೆ. ನನ್ನ ಫೈಲ್ "ನಾಟ್ ರೆಸ್ಪಾಂಡಿಂಗ್" ಅನ್ನುತ್ತಿತ್ತು, ಆದರೆ ಅದರ ಸಾಲಿನಲ್ಲಿ ಪ್ರೊಸೆಸರ್ ಬಳಕೆ ತೋರಿಸುವ ಸಿಪಿಯು ಅಂಕಿ ಮೇಲೆ ಕೆಳಗೆ ಕುಣಿಯುತ್ತಿತ್ತು. ಅಂದರೆ ಸತ್ತಿಲ್ಲ, ಲೆಕ್ಕ ಮಾಡುತ್ತಿದೆ. ಚಹಾ ಮಾಡಿಕೊಂಡು ಬಂದೆ. ಅಷ್ಟರಲ್ಲಿ ತಾನೇ ಸರಿಯಾಗಿತ್ತು. ಆಡಿಟ್ ಹಿಂದಿನ ಆ ದಿನವೂ ಬಹುಶಃ ಹೀಗೇ ಆಗಿತ್ತು ಅನ್ನುವುದು ಹೊಳೆದಾಗ ಚಹಾ ರುಚಿಸಲಿಲ್ಲ.

ಸಿಪಿಯು, ಡಿಸ್ಕ್ ಎರಡೂ ಸೊನ್ನೆಯಲ್ಲಿ ನಿಂತಿದ್ದರೆ ಆ್ಯಪ್ ಇನ್ಯಾರನ್ನೋ ಕಾಯುತ್ತಿದೆ ಅಂತ ಅರ್ಥ. ಕೆಲವೊಮ್ಮೆ ನಮ್ಮನ್ನೇ! "ಸೇವ್ ಮಾಡಲಾ?" ಅನ್ನುವ ಪುಟ್ಟ ಡಬ್ಬಿ ಬೇರೆ ಕಿಟಕಿಯ ಹಿಂದೆ ಅಡಗಿರುತ್ತದೆ. ಆಲ್ಟ್ ಟ್ಯಾಬ್ ಒತ್ತಿ ಹುಡುಕಿ. ಅಲ್ಲಿಲ್ಲದಿದ್ದರೆ ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟದಲ್ಲಿ ಆ್ಯಪ್ ಮೇಲೆ ಬಲ ಕ್ಲಿಕ್ ಮಾಡಿ "ಅನಲೈಸ್ ವೇಟ್ ಚೈನ್" ಆರಿಸಿ. ಯಾವುದು ಯಾವುದಕ್ಕೆ ಕಾಯುತ್ತಿದೆ ಅನ್ನುವ ಸರಪಳಿ ಕಾಣುತ್ತದೆ. ಒಂದು ಸಲ ನನ್ನ ಪಟ್ಟಿಯಲ್ಲಿ ಪ್ರಿಂಟರ್ ಕೆಲಸ ನೋಡಿಕೊಳ್ಳುವ ಪ್ರೋಗ್ರಾಮಿನ ಹೆಸರಿತ್ತು. ಪ್ರಿಂಟರ್ ಆಫ್ ಆಗಿತ್ತು. ಸ್ವಿಚ್ ಹಾಕಿದೆ, ಫೈಲ್ ಎದ್ದು ಕೂತಿತು. ಯಾವುದನ್ನೂ ಕೊಲ್ಲಬೇಕಾಗಲಿಲ್ಲ.

ಕೊಲ್ಲಲೇಬೇಕಾದರೆ ವಿಂಡೋಸ್ 11ರಲ್ಲಿ ಇನ್ನೂ ಸುಲಭದ ದಾರಿ ಇದೆ. ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ ಡೆವಲಪರ್‌ಗಳ ಪುಟಕ್ಕೆ (ಹೊಸ ಆವೃತ್ತಿಗಳಲ್ಲಿ ಅದರ ಹೆಸರು ಅಡ್ವಾನ್ಸ್ಡ್) ಹೋಗಿ ಎಂಡ್ ಟಾಸ್ಕ್ ಆನ್ ಮಾಡಿದರೆ, ಕೆಳಗಿನ ಟಾಸ್ಕ್‌ಬಾರಿನಲ್ಲೇ ಬಲ ಕ್ಲಿಕ್ಕಿಗೆ ಸಿಗುತ್ತದೆ. ಎಲ್ಲಕ್ಕಿಂತ ಬೇಗ ಕೆಲಸ ಮುಗಿಸಿದ್ದು ಇದೇ. ಅದೇ ಅದರ ತೊಂದರೆ ಕೂಡ. ಟಾಸ್ಕ್ ಮ್ಯಾನೇಜರಿನಲ್ಲಿ ಕನಿಷ್ಠ ಅಂಕಿ ಕಣ್ಣಿಗೆ ಬೀಳುತ್ತದೆ, ಇಲ್ಲಿ ಅದೂ ಇಲ್ಲ. ಅದೇ ಆ್ಯಪಿನಲ್ಲಿ ತೆರೆದಿದ್ದ ಇನ್ನೆರಡು ಫೈಲೂ ಜೊತೆಗೇ ಹೋದವು. ಕೇಳದೆ ಹೋದವು.

ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿಯ (ಕಮಾಂಡ್ ಪ್ರಾಂಪ್ಟ್) ಟಾಸ್ಕ್‌ಕಿಲ್ ಆಜ್ಞೆಯನ್ನೂ ನೋಡಿದೆ. ಆಜ್ಞೆಯ ಜೊತೆ ಸೇರಿಸುವ ಎಫ್ ಸ್ವಿಚ್ (/F) ಇಲ್ಲದಿದ್ದರೆ ಅದೂ ಎಕ್ಸ್ ಗುರುತಿನ ಹಾಗೆ ಬರೀ ಬೇಡಿಕೊಳ್ಳುತ್ತದೆ. ಎಫ್ ಸೇರಿಸಿದರೆ ಮುಲಾಜಿಲ್ಲ. ಉತ್ತರ ಕೊಡದ ಎಲ್ಲ ಆ್ಯಪ್‌ಗಳನ್ನೂ ಒಂದೇ ಏಟಿಗೆ ಮುಚ್ಚಿಸುವ ಫಿಲ್ಟರ್ ಕೂಡ ಇದೆ. ಮನೆ ಬಳಕೆಗೆ ಇದು ಜಾಸ್ತಿ ಆಯಿತು.

ಮನೆಯ ಹಳೆ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಉಬುಂಟು ಅನ್ನುವ ಲಿನಕ್ಸ್ ಇದೆ. ಅಲ್ಲಿ ಆ್ಯಪ್ ನಿಂತರೆ "ಫೋರ್ಸ್ ಕ್ವಿಟ್" ಮತ್ತು "ವೇಟ್" ಅಂತ ಎರಡು ಬಟನ್ ಪಕ್ಕಪಕ್ಕ ತೋರಿಸುತ್ತದೆ. ಆ್ಯಪ್ ನಿಲ್ಲಿಸುವ ಕಿಲ್ ಆಜ್ಞೆಯಲ್ಲೂ ಅದೇ ಮರ್ಯಾದೆ: ಸುಮ್ನೆ ಕೊಟ್ಟರೆ 15ನೇ ಸಿಗ್ನಲ್ ("ನಿಲ್ಲಪ್ಪಾ" ಅನ್ನುವ ಸೂಚನೆ) ಹೋಗುತ್ತದೆ, ಆ್ಯಪಿಗೆ ಗಂಟುಮೂಟೆ ಕಟ್ಟಿಕೊಳ್ಳಲು ಅವಕಾಶ ಇರುತ್ತದೆ. 9 ಕೊಟ್ಟರೆ ಇಲ್ಲ. ವಿಂಡೋಸಿಗಿಂತ ಇದೇ ನನಗೆ ಹಿಡಿಸಿತು. ಹಿಂದೆಲ್ಲ ಎಕ್ಸ್‌ಕಿಲ್ ಅನ್ನುವ ಆಜ್ಞೆ ಕೊಟ್ಟು ಬೇಡದ ಕಿಟಕಿ ಮೇಲೆ ಕ್ಲಿಕ್ ಮಾಡುವ ಆಟ ಚೆನ್ನಾಗಿತ್ತು. ಪರದೆಯ ಮೇಲೆ ಕಿಟಕಿ ಮೂಡಿಸುವ ಈಗಿನ ವ್ಯವಸ್ಥೆಯಾದ ವೇಲ್ಯಾಂಡ್‌ನ ಕಿಟಕಿಗಳಿಗೆ ಅದು ನಾಟುವುದಿಲ್ಲ. ಮ್ಯಾಕ್ ಇರುವವರು ಕಮಾಂಡ್, ಆಪ್ಷನ್, ಎಸ್ಕೇಪ್ ಒತ್ತಿದರೆ ಬಲವಂತವಾಗಿ ಮುಚ್ಚಬಹುದಾದ ಆ್ಯಪ್‌ಗಳ ಪಟ್ಟಿ ಬರುತ್ತದೆ. ಗೆಳೆಯನ ಮ್ಯಾಕಿನಲ್ಲಿ ಒಮ್ಮೆ ಒತ್ತಿ ನೋಡಿದೆ ಅಷ್ಟೇ.

ಪವರ್ ಬಟನ್ ಬಗ್ಗೆ ಹೇಳುವುದು ಕಡಿಮೆ. ಮೌಸ್ ಬಾಣವೂ ಅಲ್ಲಾಡದೆ, ಕಂಟ್ರೋಲ್ ಆಲ್ಟ್ ಡಿಲೀಟಿಗೂ ಪರದೆ ಬದಲಾಗದೆ ಹೋದಾಗ ಮಾತ್ರ ಅದು. ಒಂದು ಆ್ಯಪ್ ನಿಂತಿತು ಅಂತ ಇಡೀ ಯಂತ್ರದ ಕತ್ತು ಹಿಸುಕಿದ್ದೆನಲ್ಲ!

ನನ್ನ ಈಗಿನ ಕ್ರಮ ಇಷ್ಟು: ಕೈ ತೆಗಿ, ಟಾಸ್ಕ್ ಮ್ಯಾನೇಜರ್ ನೋಡು, ಅಂಕಿ ಕುಣಿಯುತ್ತಿದ್ದರೆ ಅಡುಗೆಮನೆಗೆ ಹೋಗು. ಸೊನ್ನೆಯಾಗಿದ್ದರೆ ಅಡಗಿದ ಡಬ್ಬಿ ಹುಡುಕು, ಸರಪಳಿ ನೋಡು. ಅದೂ ಆಗದಿದ್ದರೆ ಎಂಡ್ ಟಾಸ್ಕ್. ಆಟೋ ರಿಕವರಿಯನ್ನು 5 ನಿಮಿಷಕ್ಕೆ ಇಟ್ಟಿದ್ದೇನೆ. ಫೈಲ್ ತಡವರಿಸುತ್ತದೆ. ತಡವರಿಸಲಿ ಬಿಡಿ.