ಸೆಮಿಸ್ಟರ್ ಪರೀಕ್ಷೆಗೆ ಮುನ್ನ ಫೆಟ್ ಸಿಮ್ಯುಲೇಶನ್‌ಗಳು: ಎಲ್ಲಿ ಸಾಕು, ಎಲ್ಲಿ ಸಾಲದು

ಬಿ.ಎಸ್ಸಿ. ಮೊದಲ ಸೆಮಿಸ್ಟರಿಗೆ ರಸಾಯನಶಾಸ್ತ್ರ ಓದುವಾಗ ಪಿಯುಸಿಯ ಮೂಲಪಾಠವೇ ಅಲುಗಾಡುತ್ತಿದ್ದರೆ ಒಂದು ಸಂಜೆಯನ್ನು ಫೆಟ್‌ಗೆ ಕೊಡಬಹುದು. ಅಮೆರಿಕದ ಕೊಲೊರಾಡೊ ಬೌಲ್ಡರ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ ಯೋಜನೆಯಿದು; ವಿಜ್ಞಾನದ ಪಾಠಗಳನ್ನು ಪರದೆಯ ಮೇಲೆ ನಾವೇ ಆಡಿಸಿ ನೋಡುವ ಸಿಮ್ಯುಲೇಶನ್‌ಗಳು ಇದರಲ್ಲಿವೆ. ಕಾಸು ಕೊಡಬೇಕಿಲ್ಲ, ಬ್ರೌಸರ್‌ನಲ್ಲೇ ತೆರೆಯುತ್ತದೆ, ಇಳಿಸಿಟ್ಟುಕೊಂಡರೆ ನೆಟ್ ಸಿಗದ ಹಾಸ್ಟೆಲ್ ಕೋಣೆಯಲ್ಲೂ ನಡೆಯುತ್ತದೆ. ಇರುವುದನ್ನೆಲ್ಲ ತೆರೆದು ನೋಡುತ್ತ ಕೂತರೆ ಮಾತ್ರ ಸಂಜೆ ಹಾಗೇ ಕಳೆದುಹೋಗುತ್ತದೆ. ಪರೀಕ್ಷೆಗೆ ಒದಗುವುದು ನಾಲ್ಕೇ ನಾಲ್ಕು.

ಅವುಗಳಲ್ಲಿ ಅತ್ಯುತ್ತಮವಾದದ್ದು ‘ರಿಯಾಕ್ಟೆಂಟ್ಸ್, ಪ್ರಾಡಕ್ಟ್ಸ್ ಅಂಡ್ ಲೆಫ್ಟೋವರ್ಸ್’. ಎರಡು ಬ್ರೆಡ್, ಒಂದು ಚೀಸ್ ಸೇರಿದರೆ ಒಂದು ಸ್ಯಾಂಡ್‌ವಿಚ್. 7 ಬ್ರೆಡ್, 3 ಚೀಸ್ ಇಟ್ಟರೆ ಮೂರು ಸ್ಯಾಂಡ್‌ವಿಚ್ ಆಗಿ ಒಂದು ಬ್ರೆಡ್ ಉಳಿಯುತ್ತದೆ. ಲಿಮಿಟಿಂಗ್ ರಿಯೇಜೆಂಟ್ ಅಂದರೆ ಇಷ್ಟೇ: ಮೊದಲು ಮುಗಿದು ಎಷ್ಟು ಸಿಗುತ್ತದೆ ಎಂದು ನಿರ್ಧರಿಸುವ ವಸ್ತು, ಇಲ್ಲಿ ಚೀಸ್. ಮುಂದಿನ ಪರದೆಯಲ್ಲಿ ಅಮೋನಿಯ ಆರಿಸಿ, 1 ನೈಟ್ರೋಜನ್ ಮತ್ತು 4 ಹೈಡ್ರೋಜನ್ ಅಣು ಇಡಿ: 2 ಅಮೋನಿಯ ಬಂದು ಒಂದು ಹೈಡ್ರೋಜನ್ ಮಿಗುತ್ತದೆ. ಇಲ್ಲಿಗೆ ಸಿಮ್ಯುಲೇಶನ್‌ನ ಕೆಲಸ ಮುಗಿಯಿತು, ಏಕೆಂದರೆ ಅದಕ್ಕೆ ಗೊತ್ತಿರುವುದು ಅಣುಗಳ ಎಣಿಕೆ ಮಾತ್ರ. ಪ್ರಶ್ನೆಪತ್ರಿಕೆ ಕೇಳುವುದು ಗ್ರಾಂನಲ್ಲಿ. ಅದೇ ಲೆಕ್ಕವನ್ನು ಹಾಳೆಯ ಮೇಲೆ ಹೀಗೆ ಮಾಡಿ: 28 ಗ್ರಾಂ ನೈಟ್ರೋಜನ್, 8 ಗ್ರಾಂ ಹೈಡ್ರೋಜನ್. ತೂಕ ಕಡಿಮೆ ಇರುವುದೇ ಮೊದಲು ಮುಗಿಯುತ್ತದೆ ಎಂದು ಹೈಡ್ರೋಜನ್ ಬರೆದು ಅಂಕ ಕಳೆದುಕೊಳ್ಳುವುದು ತುಂಬಾ ಸಾಮಾನ್ಯ. ಮೋಲ್‌ಗೆ ತಿರುಗಿಸಿದರೆ, ಅಂದರೆ ಗ್ರಾಂ ತೂಕವನ್ನು ಅಣುತೂಕದಿಂದ ಭಾಗಿಸಿದರೆ, ನೈಟ್ರೋಜನ್ 1, ಹೈಡ್ರೋಜನ್ 4, ಬೇಕಾದದ್ದು 3. ಮುಗಿಯುವುದು ನೈಟ್ರೋಜನ್, ಸಿಗುವುದು 34 ಗ್ರಾಂ ಅಮೋನಿಯ, ಉಳಿಯುವುದು 2 ಗ್ರಾಂ ಹೈಡ್ರೋಜನ್. ಒಟ್ಟು 36 ಗ್ರಾಂ ಸರಿಹೊಂದಿತೇ ಎಂದು ನೋಡಿಯೇ ಮುಂದಿನ ಪ್ರಶ್ನೆಗೆ ಹೋಗಿ. ಹೈಡ್ರೋಜನ್‌ನ್ನು 5 ಗ್ರಾಂಗೆ ಇಳಿಸಿ ಇನ್ನೊಮ್ಮೆ ಮಾಡಿದರೆ ಉತ್ತರ ಮಗುಚಿಕೊಳ್ಳುತ್ತದೆ: ಈಗ ಮುಗಿಯುವುದು ಹೈಡ್ರೋಜನ್, ಅಮೋನಿಯ ಸುಮಾರು 28.3 ಗ್ರಾಂ.

‘ಬ್ಯಾಲೆನ್ಸಿಂಗ್ ಕೆಮಿಕಲ್ ಈಕ್ವೇಶನ್ಸ್’ಗೆ ಇಪ್ಪತ್ತು ನಿಮಿಷ ಸಾಕು. ಇದರಲ್ಲಿ ಸೂತ್ರದ ಎಡಕ್ಕಿರುವ ಅಂಕಿಯನ್ನು ಬದಲಿಸಬಹುದೇ ಹೊರತು ಸೂತ್ರದೊಳಗಿನ ಕೆಳಗಿನ ಅಂಕಿಯನ್ನು ಮುಟ್ಟಲಾಗದು. ಅದೇ ಇದರ ದೊಡ್ಡ ಗುಣ. ನೀರಿನ ಸೂತ್ರದಲ್ಲಿ ಆಕ್ಸಿಜನ್ ಕೆಳಗೆ 2 ಬರೆದರೆ ಎರಡೂ ಬದಿ ಸರಿದೂಗಬಹುದು, ಆದರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್.

‘ಮೋಲಾರಿಟಿ’ (ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಎಂಬ ಅಳತೆ) ನೋಡುವುದಕ್ಕೆ ಚೆಂದ. ಕಾಪರ್ ಸಲ್ಫೇಟ್ ಆರಿಸಿ, 1 ಮೋಲ್ ಇಟ್ಟು ಗಾತ್ರವನ್ನು ಅರ್ಧ ಲೀಟರಿಗೆ ಇಳಿಸಿದರೆ ದ್ರಾವಣ ಪರ್ಯಾಪ್ತವಾಗಿ ತಳದಲ್ಲಿ ಗಷ್ಟು ನಿಲ್ಲುತ್ತದೆ. ಆದರೆ ದ್ರಾವಣ ತಯಾರಿಸುವ ಕ್ರಮವನ್ನು ಇದು ತೋರಿಸುವುದಿಲ್ಲ, ವೈವಾದಲ್ಲಿ ಕೇಳುವುದು ಅದನ್ನೇ. 250 ಮಿಲಿ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ಗೆ ಬೇಕಾದದ್ದು 1 ಗ್ರಾಂ. ಬೀಕರಿನಲ್ಲಿ ಸ್ವಲ್ಪ ನೀರಿನಲ್ಲಿ ಕರಗಿಸಿ, ತಣ್ಣಗಾದ ಮೇಲೆ ಸ್ಟ್ಯಾಂಡರ್ಡ್ ಫ್ಲಾಸ್ಕಿಗೆ ಸುರಿದು, ಬೀಕರ್ ತೊಳೆದ ನೀರನ್ನೂ ಸೇರಿಸಿ ಗುರುತಿನ ತನಕ ತುಂಬಬೇಕು. ಅಳೆದು 250 ಮಿಲಿ ನೀರು ಹಾಕುವುದು ತಪ್ಪು. ಲೆಕ್ಕಕ್ಕೆ ಬರುವುದು ದ್ರಾವಣದ ಗಾತ್ರ, ನೀರಿನದಲ್ಲ.

ಈ ನಾಲ್ಕರಲ್ಲಿ ಸೇರದ ‘ಬಿಲ್ಡ್ ಆನ್ ಆಟಮ್’ ನಿಯಾನ್‌ಗೆ ನಿಂತುಹೋಗುತ್ತದೆ. ಕ್ರೋಮಿಯಂ, ತಾಮ್ರದ ಎಲೆಕ್ಟ್ರಾನ್ ವಿನ್ಯಾಸ, ಕ್ವಾಂಟಂ ಸಂಖ್ಯೆಗಳು ಪಠ್ಯದಲ್ಲೇ ಆಗಬೇಕು. ಪದವಿಯವರು ಇದನ್ನು ಬಿಟ್ಟರೂ ಆಯಿತು.

ನಾಲ್ಕನೆಯದು ‘ಪಿಎಚ್ ಸ್ಕೇಲ್’. ಪಿಎಚ್ 7 ಅಂದರೆ ತಟಸ್ಥ, ಅದಕ್ಕಿಂತ ಕಡಿಮೆಯಿದ್ದರೆ ಆಮ್ಲ, ಹೆಚ್ಚಿದ್ದರೆ ಪ್ರತ್ಯಾಮ್ಲ. ಕಾಫಿ ಆರಿಸಿ ನೀರಿನ ನಲ್ಲಿ ತಿರುಗಿಸಿ. ಪಿಎಚ್ 5ರಿಂದ ಮೇಲೇರುತ್ತ 7ರ ಹತ್ತಿರ ಬರುತ್ತದೆ, ದಾಟುವುದಿಲ್ಲ. ಎಷ್ಟೇ ನೀರು ಬೆರೆಸಿದರೂ ಆಮ್ಲ ಪ್ರತ್ಯಾಮ್ಲವಾಗದು. ಇದನ್ನು ಕಣ್ಣಾರೆ ಕಂಡವರು 10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ 8 ಎಂದು ಬರೆಯಲಾರರು. ನೀರು ತಾನೇ ಕೊಡುವ ಹೈಡ್ರೋಜನ್ ಅಯಾನುಗಳನ್ನೂ ಸೇರಿಸಿ ಲೆಕ್ಕ ಹಾಕಿ: ಉತ್ತರ ಸುಮಾರು 6.98.